ಓಣಿಗೊಂದು ಟೆಲಿಸ್ಕೋಪು

ಹತ್ತಿ ಮಾರಿದ ದುಡ್ಡು ಕೈಗೆ ಬರುವ ತಿಂಗಳುಗಳಲ್ಲಿ ನಮ್ಮ ಆಲೂರು ಕಡೆಯ ತಂದೆತಾಯಂದಿರು ನನ್ನನ್ನು ಕೇಳುವ ಮಾತುಗಳಲ್ಲಿ ಈಚೆಗೆ ಹೊಸದೊಂದು ಸೇರಿಕೊಂಡಿದೆ. “ಟೀಚರಮ್ಮ, ಹುಡುಗ ದುರ್ಬೀನು ಬೇಕಂತ ಹಟ ಹಿಡ್ದಾನೆ. ಆನ್‌ಲೈನ್‌ನಾಗ ನಾಕು ಸಾವಿರಕ್ಕೆ ಒಂದೈತೆ. ಐನೂರ ಇಪ್ಪತ್ತೈದು ಪಟ್ಟು ದೊಡ್ಡದು ಮಾಡಿ ತೋರಿಸ್ತೈತಂತೆ. ತರಿಸ್ಲಾ?” ಬೇಡ ಅನ್ನುತ್ತೇನೆ. ಆ ಡಬ್ಬಿ ಮನೆಗೆ ಬಂದಮೇಲೆ ಹುಡುಗನ ಆಸೆ ಎಷ್ಟು ಬೇಗ ಬಾಡುತ್ತದೆ ಎಂಬುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಮೊದಲ ರಾತ್ರಿ ಚಂದ್ರನನ್ನು ಹುಡುಕಿ ಸುಸ್ತು, ಎರಡನೆಯ ರಾತ್ರಿ ನಡುಗುವ ಒಂದು ಚುಕ್ಕಿ, ಆಮೇಲೆ ಅಟ್ಟ. ಮಗುವಿಗೆ ಆಕಾಶದ ಮೇಲಿದ್ದ ಪ್ರೀತಿಯೂ ಆ ಡಬ್ಬಿಯ ಜೊತೆಗೇ ಅಟ್ಟ ಸೇರುತ್ತದೆ. ನನಗೆ ಸಂಕಟವಾಗುವುದು ಅದಕ್ಕೆ.

ಆಲೂರು, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಾ ಬಂದವಳು ನಾನು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬೇರ್ಪಡಿಸಿ ಆ ರಾಜ್ಯಕ್ಕೆ ಸೇರಿಸಿದರು. ಕಚೇರಿಯ ಭಾಷೆ ಬದಲಾಯಿತು, ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ವಿಜಯದಾಸರು ಕೊನೆಯ ಉಸಿರೆಳೆದ ಚಿಪ್ಪಗಿರಿ ಇರುವುದು ನಮ್ಮ ಪಕ್ಕದಲ್ಲೇ. ಇಂಥ ಗಡಿಯ ಊರುಗಳಲ್ಲಿ ವಿಜ್ಞಾನದ ವಸ್ತು ಏನೇ ಬಂದರೂ ಬೇರೆ ಯಾರಿಗೋ, ಬೇರೆ ಯಾವುದೋ ಊರಿಗೆಂದು ಮಾಡಿದ್ದು ಕೊನೆಗೆ ಇಲ್ಲಿಗೆ ಬಂದಿರುತ್ತದೆ. ಟೆಲಿಸ್ಕೋಪೂ ಹಾಗೆಯೇ. ಅದಕ್ಕೇ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇನೆ: ನಮ್ಮ ಕಡೆ ಮಗುವಿನ ಕೈಗೆ ಮೊದಲು ಬರಬೇಕಾದದ್ದು ಬೈನಾಕ್ಯುಲರ್. ಟೆಲಿಸ್ಕೋಪನ್ನು ಹತ್ತು ಮನೆ ಸೇರಿ, ಇಡೀ ಓಣಿಗೆಂದು ಕೊಳ್ಳಬೇಕು. ಅದು ಅಗಲ ಕನ್ನಡಿಯ, ಮರದ ಪೆಟ್ಟಿಗೆಯ ಮೇಲೆ ಕೂರುವ, ಕೈಯಿಂದ ತಳ್ಳುವ ಸರಳ ಸಾಧನ ಆಗಿರಬೇಕು.

ಮೊದಲು ಆ ಐನೂರ ಇಪ್ಪತ್ತೈದರ ಲೆಕ್ಕ ನೋಡೋಣ. ಟೆಲಿಸ್ಕೋಪಿನ ಮುಂದಿನ ಮಸೂರದ ಸಂಗಮದೂರವನ್ನು ಕಣ್ಣಿಡುವ ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂದು ಸಿಗುತ್ತದೆ. 700 ಮಿಲಿಮೀಟರಿನ ಕೊಳವೆಗೆ 4 ಮಿಲಿಮೀಟರಿನ ಐಪೀಸ್ ಹಾಕಿದರೆ 175 ಪಟ್ಟು. ನಡುವೆ ಮೂರು ಪಟ್ಟಿನ ಬಾರ್ಲೋ ಮಸೂರ ತುರುಕಿದರೆ 525. ಲೆಕ್ಕ ಸರಿ, ಕಾಣುವುದು ಮಾತ್ರ ಏನೂ ಇಲ್ಲ. ಆ ಕೊಳವೆಯ ಬಾಯಿ ಅರವತ್ತು ಮಿಲಿಮೀಟರು. ಗಾಜು ಎಷ್ಟೇ ಚೆನ್ನಾಗಿದ್ದರೂ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿನ ಆಚೆಗೆ ಹೊಸ ವಿವರ ಸಿಗುವುದಿಲ್ಲ. ಅರವತ್ತು ಮಿಲಿಮೀಟರಿನ ಬಾಯಿ ಎಂದರೆ ಹೆಚ್ಚೆಂದರೆ ನೂರಿಪ್ಪತ್ತು ಪಟ್ಟು. ಅದರ ಮೇಲೆ ಹಿಗ್ಗಿಸಿದ್ದೆಲ್ಲ ಮಬ್ಬು, ಕತ್ತಲೆ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುಗ್ರಹದ ಸುತ್ತ ತಿರುಗುವ ಚಂದ್ರರನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟು ತೋರಿಸುವ ಕೊಳವೆಯಲ್ಲಿ.

ಕೇಳಬೇಕಾದ ಪ್ರಶ್ನೆ ಒಂದೇ: ಬಾಯಿ ಎಷ್ಟು ಅಗಲ? ಆಕಾಶದ ವಸ್ತುಗಳಲ್ಲಿ ಹೆಚ್ಚಿನವು ನಮಗೆ ಕಾಣದಿರುವುದು ಚಿಕ್ಕದಾಗಿರುವುದರಿಂದಲ್ಲ, ಮಂದವಾಗಿರುವುದರಿಂದ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗುವುದು ಏಳು ಮಿಲಿಮೀಟರಿನವರೆಗೆ ಮಾತ್ರ. ನೂರಮೂವತ್ತು ಮಿಲಿಮೀಟರಿನ ಕನ್ನಡಿ ಅದರ ಮುನ್ನೂರು ಪಟ್ಟಿಗಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಅರವತ್ತರ ಮಸೂರಕ್ಕೆ ಹೋಲಿಸಿದರೂ ನಾಲ್ಕೂವರೆ ಪಟ್ಟಿನ ಮೇಲೆ. ಅಂಗಡಿಯ ಡಬ್ಬಿಯ ಮೇಲೆ ಈ ಅಂಕಿಯನ್ನು ಸಣ್ಣ ಅಕ್ಷರದಲ್ಲಿ ಒಂದು ಮೂಲೆಗೆ ಹಾಕಿ, 525 ಎಂಬುದನ್ನು ದೊಡ್ಡದಾಗಿ ಅಚ್ಚು ಹಾಕುತ್ತಾರೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಮಸೂರಕ್ಕಿಂತ ಹೆಚ್ಚು ಕೆಡುಕು ಮಾಡುವುದು ಆ ಅಗ್ಗದ ಟೆಲಿಸ್ಕೋಪಿನ ಮೂರು ಕಾಲು. ತೆಳು ಅಲ್ಯೂಮಿನಿಯಂ ಕಡ್ಡಿಯ ಆ ಸ್ಟ್ಯಾಂಡು ಗಾಳಿ ಬೀಸಿದರೆ ಅಲುಗುತ್ತದೆ, ಫೋಕಸ್ ತಿರುಗಿಸಲು ಬೆರಳು ತಾಗಿಸಿದರೆ ಅಲುಗುತ್ತದೆ. ನೂರು ಪಟ್ಟು ದೊಡ್ಡದು ಮಾಡಿ ನೋಡುವಾಗ ಆ ನಡುಕವೂ ನೂರು ಪಟ್ಟು ಆಗುತ್ತದೆ. ಹಾಗೆಂದು ಚಿಕ್ಕ ಮಸೂರದ ಟೆಲಿಸ್ಕೋಪನ್ನೆಲ್ಲ ತಳ್ಳಿಹಾಕುವುದು ಸರಿಯಲ್ಲ. ಎಪ್ಪತ್ತು ಮಿಲಿಮೀಟರಿನ ಒಳ್ಳೆಯ ಮಸೂರ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕುಳಿತಿದ್ದರೆ, ಮೂವತ್ತು ನಲವತ್ತು ಪಟ್ಟಿನಲ್ಲಿ ಚಂದ್ರನ ಕುಳಿಗಳನ್ನು ಮನಸ್ಸು ತುಂಬುವಂತೆ ತೋರಿಸುತ್ತದೆ. ಡಬ್ಬಿಯೊಳಗಿನ ಪ್ಲಾಸ್ಟಿಕ್ ಐಪೀಸುಗಳನ್ನು ಎಸೆದು, ಇಪ್ಪತ್ತೈದು ಮಿಲಿಮೀಟರಿನ, ಪ್ಲಾಸಲ್ ಎಂಬ ಮಾದರಿಯ ಒಂದು ಐಪೀಸ್ ಹಾಕಿದರೆ ಸಾಧಾರಣ ಕೊಳವೆಗೂ ಜೀವ ಬರುತ್ತದೆ. ಆದರೆ ಐಪೀಸ್ ಕೂರುವ ತೂತು ಒಂದೂಕಾಲು ಇಂಚಿನದೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಹಳೆಯ ಸಣ್ಣ ಅಳತೆಯದಾದರೆ ಒಳ್ಳೆಯ ಐಪೀಸ್ ಅದಕ್ಕೆ ಹೊಂದುವುದೇ ಇಲ್ಲ.

ನಮ್ಮ ಊರಿನ ಅಕ್ಷಾಂಶವೂ ಈ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಆಲೂರು ಸಮಭಾಜಕದಿಂದ ಉತ್ತರಕ್ಕೆ ಹದಿನೈದು ಡಿಗ್ರಿಗಿಂತ ತುಸು ಮೇಲೆ ಇದೆ. ಹಾಗಾಗಿ ಧ್ರುವ ನಕ್ಷತ್ರ ನಮಗೆ ಕಾಣುವುದು ದಿಗಂತದಿಂದ ಹದಿನೈದು ಡಿಗ್ರಿ ಎತ್ತರದಲ್ಲಷ್ಟೇ. ಆ ದಿಕ್ಕಿಗೇ ಆದೋನಿಯ ಬೆಳಕು, ಧೂಳು, ಬೇವಿನ ಮರ. ಟೆಲಿಸ್ಕೋಪು ಮಾರುವವರು “ಈಕ್ವಟೋರಿಯಲ್ ಮೌಂಟ್” ಎಂದು ಹೆಮ್ಮೆಯಿಂದ ತೋರಿಸುವ ಸ್ಟ್ಯಾಂಡು ಕೆಲಸ ಮಾಡಬೇಕಾದರೆ ಅದರ ಒಂದು ಅಕ್ಷವನ್ನು ಧ್ರುವದ ಕಡೆ ಸರಿಯಾಗಿ ತಿರುಗಿಸಿರಬೇಕು. ಯೂರೋಪಿನಲ್ಲೋ ಅಮೆರಿಕದಲ್ಲೋ ಧ್ರುವ ನಕ್ಷತ್ರ ನಲವತ್ತು, ಐವತ್ತು ಡಿಗ್ರಿ ಎತ್ತರದಲ್ಲಿ ನಿಂತಿರುವುದರಿಂದ ಅವರಿಗೆ ಅದು ಸುಲಭ. ನಮ್ಮಲ್ಲಿ ಆ ಅಕ್ಷವನ್ನು ಅಷ್ಟು ಕೆಳಕ್ಕೆ ಬಗ್ಗಿಸಿದರೆ ಸಮತೂಕದ ಕಂಬಿ ಹೋಗಿ ಸ್ಟ್ಯಾಂಡಿನ ಕಾಲಿಗೆ ತಾಗುವುದುಂಟು. ಹನ್ನೆರಡು ವರ್ಷದ ಹುಡುಗಿ ಮೊದಲ ರಾತ್ರಿಯೇ ಇದರ ಜೊತೆ ಗುದ್ದಾಡಬೇಕೆ? ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಳ್ಳಿದರೆ ಸಾಕು ಎನ್ನುವಂಥದ್ದು ನಮಗೆ ಒಳ್ಳೆಯದು.

ಅದೇ ಅಕ್ಷಾಂಶ ನಮಗೆ ಕೊಟ್ಟಿರುವ ಸಂಪತ್ತನ್ನೂ ಹೇಳಬೇಕು. ಮೇ ತಿಂಗಳಲ್ಲಿ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತ್ರಿಶಂಕು ಕಾಣುತ್ತದೆ. ಅದರ ಮೇಲೆ ಎಡಕ್ಕೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ದಿಗಂತದಿಂದ ಇಪ್ಪತ್ತೇಳು ಡಿಗ್ರಿ ಏರಿ ಬರುತ್ತದೆ. ಲಕ್ಷಗಟ್ಟಲೆ ಸೂರ್ಯರು ಒತ್ತೊತ್ತಾಗಿ ಸೇರಿದ ಗುಂಪು ಅದು. ಬೈನಾಕ್ಯುಲರಿನಲ್ಲಿ ಮಂಜಿನ ಉಂಡೆಯಾಗಿ ಕಾಣುವುದು ಐದು ಇಂಚಿನ ಕನ್ನಡಿಯಲ್ಲಿ ಅಂಚಿನಿಂದ ಚುಕ್ಕಿಗಳಾಗಿ ಒಡೆಯತೊಡಗುತ್ತದೆ. ಲಂಡನ್ನಿನ ಮಗುವಿಗೆ ಅದು ಜನ್ಮದಲ್ಲಿ ಒಮ್ಮೆಯೂ ಮೂಡುವುದಿಲ್ಲ. ಆಲೂರಿನಿಂದ ಆದೋನಿ ಉತ್ತರಕ್ಕೆ, ಬಳ್ಳಾರಿ ನೈರುತ್ಯಕ್ಕೆ, ಗುಂತಕಲ್ಲು ಆಗ್ನೇಯಕ್ಕೆ. ಬಳ್ಳಾರಿ, ಗುಂತಕಲ್ಲುಗಳ ಬೆಳಕಿನ ನಡುವೆ ನೇರ ದಕ್ಷಿಣದ ಆಕಾಶ ಇನ್ನೂ ಸಾಕಷ್ಟು ಕಪ್ಪಾಗಿದೆ. ದಕ್ಷಿಣದ ಆಕಾಶವೂ ಚೆನ್ನಾಗಿ ಸಿಗಬೇಕೆಂದೇ ಖಗೋಳಜ್ಞ ವೇಣು ಬಪ್ಪು ಅವರು ವೀಕ್ಷಣಾಲಯಕ್ಕೆ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಆರಿಸಿಕೊಂಡರು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ನೆರಳಲ್ಲಿ ಬೆಳೆದ ಹುಡುಗ ಅವರು, ಅಪ್ಪ ಅಲ್ಲಿ ಕೆಲಸಕ್ಕಿದ್ದರು. ಕಾವಲೂರಿನ 2.3 ಮೀಟರಿನ ಟೆಲಿಸ್ಕೋಪಿಗೆ 1986ರಿಂದ ಅವರದೇ ಹೆಸರು. ಪಟ್ಟಣದಿಂದ ಬರುವ ಕೈಪಿಡಿಗಳಲ್ಲಿ ಉತ್ತರದ ಆಕಾಶ ತುಂಬಿರುತ್ತದೆ. ನಮ್ಮ ಮಕ್ಕಳನ್ನು ದಕ್ಷಿಣಕ್ಕೆ ತಿರುಗಿಸಬೇಕಾದವರು ನಾವೇ.

ಟೆಲಿಸ್ಕೋಪಿಗೂ ಬೈನಾಕ್ಯುಲರಿಗೂ ಮೊದಲು ಬರಿಗಣ್ಣಿನ ಒಂದು ವರ್ಷ ಇರಲಿ ಎಂದು ನಾನು ಒತ್ತಾಯಿಸುತ್ತೇನೆ. ನಮ್ಮ ಕಡೆಯ ರೈತರ ಬಾಯಲ್ಲಿ ನಕ್ಷತ್ರಗಳ ಹೆಸರು ಬೇಕಾದಷ್ಟಿವೆ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎಂದು ಬಿತ್ತನೆಯ ಲೆಕ್ಕ ಹಾಕುತ್ತಾರೆ. ಆದರೆ ರೋಹಿಣಿ ಎಲ್ಲಿ ಎಂದು ಕೇಳಿದರೆ ಬೆರಳು ತೋರಿಸುವವರು ಕಡಿಮೆ. ಅದಕ್ಕೆ ಕಾರಣವಿದೆ. ಮೇ ಕೊನೆಗೆ ರೋಹಿಣಿ ಮಳೆ ಶುರು ಎಂದರೆ ಸೂರ್ಯ ರೋಹಿಣಿಯ ಬಳಿ ಬಂದಿದ್ದಾನೆ ಎಂದರ್ಥ. ಆ ದಿನಗಳಲ್ಲಿ ರೋಹಿಣಿ ಹಗಲು ಬೆಳಕಲ್ಲಿ ಮುಳುಗಿರುತ್ತದೆ. ಅದನ್ನು ನೋಡಬೇಕಾದರೆ ಸಂಕ್ರಾಂತಿಯ ರಾತ್ರಿ ಒಂಬತ್ತರ ಸುಮಾರಿಗೆ ತಲೆ ಎತ್ತಬೇಕು. ನೆತ್ತಿಗೆ ಒಂದೇ ಡಿಗ್ರಿಯಷ್ಟು ದೂರದಲ್ಲಿ ಕೆಂಪಗೆ ಹೊಳೆಯುತ್ತಿರುತ್ತದೆ. ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳು ಮನೆಗೆ ಹೋಗಿ ತಾತನಿಗೆ ಪಾಠ ಮಾಡುತ್ತಾರೆ. ಆ ತಾತಂದಿರು ಮರುದಿನ ನನ್ನನ್ನು ಹುಡುಕಿಕೊಂಡು ಬಂದದ್ದೂ ಇದೆ, “ನಿಜಾನಾ ಟೀಚರಮ್ಮ? ಹಂಗಾದ್ರೆ ಆರಿದ್ರ ಯಾವ್ದು, ಚಿತ್ತಿ ಯಾವ್ದು?” ಎಂದು ಕೇಳಿಕೊಂಡು. ಹೆಸರಿಗೆ ಚುಕ್ಕಿ ಸೇರಿಸುವ ಆ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಈ ಗುರುತು ಇಲ್ಲದವರ ಕೈಗೆ ಎಂಥ ಟೆಲಿಸ್ಕೋಪು ಕೊಟ್ಟರೂ ಅದನ್ನು ಯಾವ ಕಡೆ ತಿರುಗಿಸಬೇಕೆಂದೇ ತಿಳಿಯುವುದಿಲ್ಲ.

ಆಮೇಲೆ ಬೈನಾಕ್ಯುಲರ್. 10x50 ಎಂದು ಬರೆದಿರುವುದನ್ನು ಕೊಳ್ಳಿ: ಹತ್ತು ಪಟ್ಟು, ಐವತ್ತು ಮಿಲಿಮೀಟರಿನ ಬಾಯಿ. ಐದಾರು ಸಾವಿರದಿಂದ ಸಾಧಾರಣ ಒಳ್ಳೆಯದು ಸಿಗುತ್ತದೆ. ಗೋಡೆಗೋ ಎತ್ತಿನ ಬಂಡಿಯ ಮೂಕಿಗೋ ಮೊಣಕೈ ಊರಿ ಹಿಡಿದರೆ ಗುರುವಿನ ಚಂದ್ರರು ಸಣ್ಣ ಚುಕ್ಕಿಗಳಾಗಿ ಕಾಣುತ್ತಾರೆ. ಬರಿಗಣ್ಣಿಗೆ ಆರೇಳಾಗಿ ಕಾಣುವ ಕೃತ್ತಿಕೆ ಹತ್ತಾರು ಆಗುತ್ತದೆ. ಮುಂದೆ ಆಸಕ್ತಿ ಹೋದರೂ ಹೊಲ ಕಾಯಲು, ಹಕ್ಕಿ ನೋಡಲು ಅದು ಉಪಯೋಗಕ್ಕೆ ಬರುತ್ತದೆ.

ನಮ್ಮ ಸೀಮೆಗೆ ಬೈನಾಕ್ಯುಲರೇ ಮೊದಲು ಎನ್ನಲು ಇನ್ನೂ ದೊಡ್ಡ ಕಾರಣ ಗುಳೆ. ಮಳೆ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳು ಮಕ್ಕಳನ್ನೂ ಕರೆದುಕೊಂಡು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ, ಇಲ್ಲವೇ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಆಕಾಶ ತಿಳಿಯಾಗುವ ನವೆಂಬರಿನಿಂದ ಮಾರ್ಚಿನವರೆಗಿನ ತಿಂಗಳುಗಳಲ್ಲೇ ನನ್ನ ತರಗತಿಯ ಬೆಂಚುಗಳು ಖಾಲಿಯಾಗುವುದು. ಆ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದೆ ನಮ್ಮ ಊರಿನ ಖಗೋಳದ ಬಗ್ಗೆ ಮಾತಾಡುವುದು ನನಗೆ ಸಾಧ್ಯವಿಲ್ಲ. ಬಟ್ಟೆಯ ಗಂಟಿನಲ್ಲಿ ಹೋಗುವಂಥದ್ದು ಬೈನಾಕ್ಯುಲರ್ ಒಂದೇ. ಶಾಲೆಯ ಬೈನಾಕ್ಯುಲರನ್ನು ಹಾಗೆ ಹೋಗುವ ಮಕ್ಕಳ ಕೈಗೆ ಕೊಟ್ಟು ಕಳಿಸುವುದಕ್ಕೆ ಮೇಷ್ಟ್ರುಗಳು ಹೆದರಬಾರದು. ಅದು ಕಳೆದುಹೋದರೆ ಇನ್ನೊಂದು ತರಬಹುದು.

ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಹೋಗುವ ಮಕ್ಕಳಿಗೆ ನಾನು ಒಂದು ಕಥೆ ಹೇಳಿ ಕಳಿಸುತ್ತೇನೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಉತ್ತರಕ್ಕೆ, ಬಿಜಾಪುರದ ಸೀಮೆಯಿಂದ ಗುಂಟೂರಿನ ಕಡೆಗೆ ಹಾದುಹೋಯಿತು. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಅದಕ್ಕಾಗಿ ಹಡಗು ಹತ್ತಿ ಗುಂಟೂರಿಗೆ ಬಂದ. ಸೂರ್ಯನ ಅಂಚಿನಲ್ಲಿ ಏಳುವ ಜ್ವಾಲೆಗಳನ್ನು ಗ್ರಹಣವಿಲ್ಲದ ದಿನವೂ ರೋಹಿತದರ್ಶಕದಿಂದ ಪರೀಕ್ಷಿಸಬಹುದು ಎಂದು ಅವನು ಕಂಡುಕೊಂಡದ್ದು ಅಲ್ಲೇ. ಅದೇ ದಿನ ಅದೇ ಗ್ರಹಣವನ್ನು ನೋಡಲು ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಆ ತಾತ ಹೊಟ್ಟೆಪಾಡಿಗೆ ಸಂಗೀತಗಾರ, ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಆರ್ಗನ್ ನುಡಿಸುತ್ತಿದ್ದ. ಅಂಗಡಿಯ ಟೆಲಿಸ್ಕೋಪು ಕೊಳ್ಳುವ ಶಕ್ತಿ ಸಾಲದೆ ಮನೆಯಲ್ಲೇ ಲೋಹದ ಕನ್ನಡಿ ಉಜ್ಜಿ ಹೊಳಪು ಕೊಟ್ಟ. ಗಂಟೆಗಟ್ಟಲೆ ಕೈ ತೆಗೆಯದೆ ಉಜ್ಜುವಾಗ ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಡುತ್ತಿದ್ದಳು. 1781ರ ಮಾರ್ಚ್ 13ರ ರಾತ್ರಿ, ಆರಿಂಚಿಗಿಂತ ತುಸು ಅಗಲದ ಆ ಮನೆಯ ಕನ್ನಡಿಯಲ್ಲೇ ಹೊಸ ಗ್ರಹ ಸಿಕ್ಕಿತು. ಕ್ಯಾರೊಲಿನ್ ಮುಂದೆ ತಾನೇ ಧೂಮಕೇತುಗಳನ್ನು ಕಂಡುಹಿಡಿದಳು. ನಮ್ಮ ಹೆಣ್ಣುಮಕ್ಕಳಿಗೆ ನಾನು ಮತ್ತೆ ಮತ್ತೆ ಹೇಳುವುದು ಅವಳ ಹೆಸರನ್ನು.

ಕನ್ನಡಿಯ ವಿಷಯಕ್ಕೆ ಬಂದೆ. ಅದೇ ಅಗಲದ ಮಸೂರಕ್ಕಿಂತ ಕನ್ನಡಿ ತುಂಬ ಅಗ್ಗ. ಮಸೂರಕ್ಕೆ ಗಾಜಿನ ಒಳಗೂ ದೋಷವಿರಬಾರದು, ಹಲವು ಮುಖಗಳನ್ನು ತಿದ್ದಬೇಕು. ಕನ್ನಡಿಗೆ ಒಂದೇ ಮುಖ. ಅಗಲ ಕನ್ನಡಿಯನ್ನು ಬಡವರ ಕೈಗೆ ತಲುಪಿಸಿದ ಮನುಷ್ಯ ಜಾನ್ ಡಾಬ್ಸನ್. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ರಸಾಯನಶಾಸ್ತ್ರ ಓದಿ, 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದವನು. ನಮ್ಮ ರಾಮಕೃಷ್ಣ ಸಂಪ್ರದಾಯದ ಮಠ ಅದು. ಸಂನ್ಯಾಸಿಯ ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ಹಳೆಯ ಗಾಜು ತಂದು ಕನ್ನಡಿ ಉಜ್ಜಿದ. ದಪ್ಪ ರಟ್ಟಿನ ಕೊಳವೆ, ಪ್ಲೈವುಡ್ಡಿನ ಪೆಟ್ಟಿಗೆ. ಟೆಲಿಸ್ಕೋಪಿನ ಹುಚ್ಚಿನಿಂದ ಮಠದ ಕೆಲಸ ತಪ್ಪುತ್ತಿದೆ ಎಂದು 1967ರಲ್ಲಿ ಹೊರಗೆ ಕಳಿಸಿದರು. ಮರುವರ್ಷದಿಂದ ಗೆಳೆಯರನ್ನು ಕಟ್ಟಿಕೊಂಡು ರಸ್ತೆಯ ಬದಿಯಲ್ಲಿ ಟೆಲಿಸ್ಕೋಪು ನಿಲ್ಲಿಸಿ, ಹೋಗುವ ಬರುವವರನ್ನೆಲ್ಲ ಕರೆದು ಶನಿಗ್ರಹ ತೋರಿಸಿದ. 2014ರಲ್ಲಿ ತೀರಿಕೊಳ್ಳುವವರೆಗೂ ಅವನು ಮಾಡಿದ ಸೇವೆ ಇದು. ಅವನ ಆ ಪೆಟ್ಟಿಗೆಯ ಮಾದರಿಗೆ ಈಗ ಲೋಕವೆಲ್ಲ ಡಾಬ್ಸೋನಿಯನ್ ಎನ್ನುತ್ತದೆ.

ನಮ್ಮ ಓಣಿಗೆ ಬೇಕಾದದ್ದು ಅದೇ. ಮೇಜಿನ ಮೇಲೆ ಇಡುವ ನೂರಮೂವತ್ತು ಮಿಲಿಮೀಟರಿನ ಡಾಬ್ಸೋನಿಯನ್ ಈಗಿನ ಪೇಟೆಯಲ್ಲಿ ಇಪ್ಪತ್ತು ಇಪ್ಪತ್ತೈದು ಸಾವಿರಕ್ಕೆ ಸಿಗುತ್ತದೆ, ಹೆಚ್ಚುಕಡಿಮೆ ಮೂರು ಕ್ವಿಂಟಲ್ ಹತ್ತಿಯ ಹಣ. ಆರಿಂಚಿನದಾದರೆ ಇನ್ನೂ ಹೆಚ್ಚು. ಒಂದು ಮನೆಗೆ ಇದು ಭಾರ, ನಾನೂ ಒಪ್ಪುತ್ತೇನೆ. ಹತ್ತು ಮನೆ ಸೇರಿದರೆ ಭಾರವಲ್ಲ. ಗಣೇಶನಿಗೆ, ಪೀರಲ ಹಬ್ಬಕ್ಕೆ ಚಂದಾ ಎತ್ತುವ ಊರುಗಳು ನಮ್ಮವು. ಡ್ವಾಕ್ರಾ ಉಳಿತಾಯ ಗುಂಪಿನ ಹೆಂಗಸರು ಇದಕ್ಕಿಂತ ದೊಡ್ಡ ಲೆಕ್ಕವನ್ನು ತಿಂಗಳು ತಿಂಗಳು ತೂಗಿಸುತ್ತಾರೆ.

ಪೆಟ್ಟಿಗೆಯನ್ನು ಇಲ್ಲೇ ಮಾಡಿಸಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ಆದೋನಿಯ ಬಡಗಿಗಳಿಗೆ ಪ್ಲೈವುಡ್ಡು, ಸನ್‌ಮೈಕಾ ದಿನದ ಕೆಲಸ. ತಿರುಗುವ ಜಾಗದಲ್ಲಿ ಸನ್‌ಮೈಕಾ ಅಂಟಿಸಿ, ಅದರ ಕೆಳಗೆ ಮೂರು ಕಡೆ ಟೆಫ್ಲಾನ್ ತುಂಡು ಇಟ್ಟರೆ ಆ ಪೆಟ್ಟಿಗೆ ಬೆರಳಲ್ಲಿ ತಳ್ಳಿದಷ್ಟೇ ಸರಿಯುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಡಾಬ್ಸನ್ನಿನ ಗುಟ್ಟೆಲ್ಲ ಇಷ್ಟೇ. ಕನ್ನಡಿ, ಐಪೀಸು, ಚಿಕ್ಕ ಓರೆಗನ್ನಡಿ ಇವನ್ನು ಕೊಂಡರೆ ಸಾಕು. ಕನ್ನಡಿಯನ್ನೂ ಕೈಯಿಂದ ಉಜ್ಜಿ ಮಾಡುವುದನ್ನು ಬೆಂಗಳೂರಿನ ಹವ್ಯಾಸಿ ಖಗೋಳಜ್ಞರ ಸಂಘದವರು, ಪುಣೆಯ ಖಗೋಳ ಸಂಸ್ಥೆ ಐಯುಕಾದವರು ಶಿಬಿರ ನಡೆಸಿ ಕಲಿಸಿದ್ದಾರೆ. ಎರಡು ಗಾಜಿನ ಬಿಲ್ಲೆ, ನಡುವೆ ಕಾರ್ಬೊರಂಡಮ್ ಪುಡಿ, ನೀರು. ಮೇಲಿನದನ್ನು ಹಿಂದೆ ಮುಂದೆ ಉಜ್ಜುತ್ತಾ, ಸುತ್ತ ತಿರುಗುತ್ತಾ ಹೋದರೆ ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಆಮೇಲೆ ರಾಳದ ಹಾಸಿನ ಮೇಲೆ ಸೀರಿಯಂ ಆಕ್ಸೈಡಿನಿಂದ ಹೊಳಪು, ಒಂದು ದೀಪ ಮತ್ತು ಬ್ಲೇಡಿನ ಅಂಚಿನಿಂದ ಪರೀಕ್ಷೆ, ಕೊನೆಗೆ ಅಲ್ಯೂಮಿನಿಯಂ ಲೇಪ. ಇಂಥ ಒಂದು ಶಿಬಿರವನ್ನು ಆದೋನಿಯಲ್ಲೋ ಬಳ್ಳಾರಿಯಲ್ಲೋ ಕನ್ನಡದಲ್ಲಿ ನಡೆಸುವುದಾದರೆ ನಮ್ಮ ಬಡಗಿಗಳು, ಮೇಷ್ಟ್ರುಗಳು ಜೊತೆಯಾಗಿ ಕುಳಿತು ಕಲಿಯುತ್ತಾರೆ.

ಕೊಂಡಮೇಲೆ ಅದು ಎಲ್ಲಿರಬೇಕು? ನಾನು ಕೆಲಸ ಮಾಡಿದ ಒಂದು ಶಾಲೆಗೆ ಯಾವುದೋ ಯೋಜನೆಯಲ್ಲಿ ಒಳ್ಳೆಯ ಟೆಲಿಸ್ಕೋಪೇ ಬಂದಿತ್ತು. ಸ್ಟಾಕ್ ರಿಜಿಸ್ಟರಿಗೆ ಏರಿತು, ಬೀರುವಿಗೆ ಸೇರಿತು, ತಪಾಸಣೆಯ ದಿನ ಮೇಜಿನ ಮೇಲೆ ಬಂತು. ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಭಯ ಅದನ್ನು ಕಾಯುವವರಿಗೆ. ಅದಕ್ಕಿಂತ ದೊಡ್ಡ ತೊಡಕು, ಶಾಲೆ ನಡೆಯುವುದು ಹಗಲು, ಟೆಲಿಸ್ಕೋಪಿನ ಕೆಲಸ ರಾತ್ರಿ. ಸಂಜೆ ಐದಕ್ಕೆ ಬೀಗ ಬೀಳುವ ಕಟ್ಟಡದಲ್ಲಿ ಅದನ್ನು ಇಟ್ಟರೆ ಯಾರಿಗೆ ಪ್ರಯೋಜನ? ಹುಡುಗಿಯರನ್ನು ರಾತ್ರಿ ಊರ ಹೊರಗಿನ ಶಾಲೆಗೆ ಕಳಿಸಲು ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನು ಕೇಳುವುದೂ ಇಲ್ಲ. ಆದ್ದರಿಂದ ಟೆಲಿಸ್ಕೋಪೇ ಗುಡಿಯ ಕಟ್ಟೆಗೆ, ಮಸೀದಿಯ ಮುಂದಿನ ಬಯಲಿಗೆ ಬರಬೇಕು. ಸಂಜೆ ಏಳರಿಂದ ಎಂಟೂವರೆ. ಆ ಹೊತ್ತಿಗೆ ಅಡುಗೆ ಮುಗಿಸಿದ ಹೆಂಗಸರೂ ಬರುತ್ತಾರೆ. ಹತ್ತಿಯ ಹೊಲದಿಂದ ಬಂದು ಸೊಂಟ ಹಿಡಿದುಕೊಂಡು ನಿಂತ ತಾಯಿ ಐಪೀಸಿಗೆ ಬಗ್ಗಿ ಶನಿಯನ್ನು ನೋಡಿ, “ಯವ್ವಾ, ಖರೇನಾ ಉಂಗ್ರ ಐತಲ್ಲೇ” ಎಂದು ಮಗಳ ಕೈ ಹಿಡಿದದ್ದನ್ನು ನಾನು ಕಂಡಿದ್ದೇನೆ. ಆ ಮಗಳನ್ನು ಹತ್ತನೆಯ ತರಗತಿಯ ನಂತರವೂ ಓದಿಸಬೇಕೆಂದು ಆ ತಾಯಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ನಿಲ್ಲಿಸುವ ಜಾಗದ ಬಗ್ಗೆ ಒಂದು ಮಾತು. ಮಾಳಿಗೆ ಬೇಡ. ನಮ್ಮ ಸಿಮೆಂಟಿನ, ಕಲ್ಲುಚಪ್ಪಡಿಯ ಮಾಳಿಗೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತವೆ. ಏರುವ ಆ ಬಿಸಿಗಾಳಿಯಲ್ಲಿ ಗ್ರಹದ ಬಿಂಬ ಕುದಿಯುತ್ತದೆ. ಮಣ್ಣಿನ ನೆಲ, ಕಣ, ಹುಲ್ಲಿನ ಬಯಲು ಒಳ್ಳೆಯದು. ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಮೊದಲೇ ತಂದಿಡಿ. ನಮ್ಮ ಎರೆಮಣ್ಣಿನ ಧೂಳು, ಜಿನ್ನಿಂಗ್ ಮಿಲ್ಲುಗಳ ಹತ್ತಿಯ ನವಿರೆಳೆ ಎರಡೂ ಕನ್ನಡಿಗೆ ಶತ್ರು. ಆದರೆ ಧೂಳು ಕಂಡಾಗಲೆಲ್ಲ ಬಟ್ಟೆಯಿಂದ ಒರೆಸಿದರೆ ಧೂಳಿಗಿಂತ ಹೆಚ್ಚು ಹಾನಿ. ಸ್ವಲ್ಪ ಧೂಳಿದ್ದರೂ ಕನ್ನಡಿ ಚೆನ್ನಾಗಿಯೇ ತೋರಿಸುತ್ತದೆ. ಮುಚ್ಚಳ ಹಾಕಿಡಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಜೊತೆಗಿರಲಿ.

ಯಾವಾಗ ತೋರಿಸಬೇಕು ಎಂಬುದೂ ಮುಖ್ಯ. ಎಲ್ಲರೂ ಹುಣ್ಣಿಮೆಗೆ ಕರೆಯಿರಿ ಎನ್ನುತ್ತಾರೆ. ಹುಣ್ಣಿಮೆಯ ಚಂದ್ರನ ಮೇಲೆ ಬಿಸಿಲು ನೆಟ್ಟಗೆ ಬೀಳುವುದರಿಂದ ನೆರಳಿಲ್ಲ, ನೆರಳಿಲ್ಲದಿದ್ದರೆ ಕುಳಿಯೂ ಬೆಟ್ಟವೂ ಎದ್ದು ಕಾಣುವುದಿಲ್ಲ. ಶುಕ್ಲ ಪಂಚಮಿಯಿಂದ ದಶಮಿಯವರೆಗೆ ಚೆನ್ನ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ದೇವರಗಟ್ಟಿಗೆ ಸುತ್ತಲಿನ ಹಳ್ಳಿಗಳ ಜನ ಕೋಲು, ದೀವಟಿಗೆ ಹಿಡಿದು ಸೇರುತ್ತಾರಲ್ಲ, ಆ ದಶಮಿಯ ಆಸುಪಾಸಿನಲ್ಲೇ ಚಂದ್ರನ ಸೈನಸ್ ಇರಿಡಮ್ ಎಂಬ ಕೊಲ್ಲಿಯ ಸುತ್ತಣ ಬೆಟ್ಟಗಳಿಗೆ ಮೊದಲ ಬಿಸಿಲು ತಾಗುವುದು. ಕೆಳಗಿನ ಬಯಲು ಇನ್ನೂ ಕತ್ತಲಲ್ಲಿ, ಬೆಟ್ಟದ ಸಾಲು ಮಾತ್ರ ಬೆಳಗಿ ಕತ್ತಲೊಳಗೆ ಬಳೆಯ ತುಂಡಿನಂತೆ ಚಾಚಿಕೊಂಡಿರುತ್ತದೆ. ಉತ್ಸವಕ್ಕೆ ಹೊರಡುವ ಮೊದಲು ಸಂಜೆಯ ಹೊತ್ತು ಪ್ರತಿ ಊರಲ್ಲೂ ಒಂದು ಟೆಲಿಸ್ಕೋಪು ಇರಬೇಕೆಂದು ನನ್ನ ಆಸೆ.

ಮಕ್ಕಳಿಗೆ ಮೊದಲೇ ಸತ್ಯ ಹೇಳಿಬಿಡಬೇಕು. ಮೊಬೈಲಿನಲ್ಲಿ ನೋಡಿದ ಹಬಲ್ ಟೆಲಿಸ್ಕೋಪಿನ ಚಿತ್ರಗಳ ಕೆಂಪು ನೀಲಿ ಇಲ್ಲಿ ಕಾಣುವುದಿಲ್ಲ. ಮೃಗಶಿರದ ಕೆಳಗಿನ ಮಹಾವ್ಯಾಧದ ನೀಹಾರಿಕೆ ಬೂದು ಹೊಗೆಯಾಗಿ ಕಾಣುತ್ತದೆ, ನಡುವೆ ನಾಲ್ಕು ಪುಟ್ಟ ಚುಕ್ಕಿ. ಶನಿ ಕಡಲೆಕಾಳಿಗಿಂತ ಚಿಕ್ಕದು. 2025ರ ಮಾರ್ಚಿನಲ್ಲಿ ಅದರ ಉಂಗುರ ನಮಗೆ ಅಂಚಿನಿಂದ ಕಾಣುವಂತೆ ತಿರುಗಿ ಗೆರೆಯಷ್ಟಾಗಿತ್ತು. ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಾ 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತದೆ. ಇಂದು ಆರನೆಯ ತರಗತಿಯಲ್ಲಿರುವ ಹುಡುಗಿ ಬೆಳೆಯುತ್ತಿದ್ದಂತೆ ಅದೂ ಅಗಲವಾಗುವುದನ್ನು ಅವಳು ತಾನೇ ಚಿತ್ರ ಬರೆದು ಅಳೆಯಬಹುದು. ಅಂಥ ಒಂದು ನೋಟ್‌ಬುಕ್ಕು ಟೆಲಿಸ್ಕೋಪಿನ ಜೊತೆಗೇ ಇರಬೇಕು.

ಸೂರ್ಯನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅಗ್ಗದ ಡಬ್ಬಿಗಳಲ್ಲಿ ಐಪೀಸಿಗೆ ತಿರುಚಿ ಕೂರಿಸುವ ಒಂದು ಕಪ್ಪು ಗಾಜು ಬರುವುದುಂಟು. ಕನ್ನಡಿ ಒಟ್ಟು ಮಾಡಿದ ಬಿಸಿಲೆಲ್ಲ ಅದರ ಮೇಲೆ ಬಿದ್ದು ಅದು ಸೀಳಿದರೆ ಮರುಕ್ಷಣ ಕಣ್ಣು ಹೋಗುತ್ತದೆ. ಕಂಡ ತಕ್ಷಣ ಒಡೆದು ಎಸೆಯಿರಿ. ಸೂರ್ಯನನ್ನು ನೋಡಬೇಕಾದರೆ ಟೆಲಿಸ್ಕೋಪಿನ ಬಾಯಿಯನ್ನೇ ಪೂರ್ತಿ ಮುಚ್ಚುವ, ಅದಕ್ಕೆಂದೇ ಮಾಡಿದ ಸೌರ ಫಿಲ್ಮು ಇರಲೇಬೇಕು, ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು. ಹಾಗೆಂದು ಭಯಪಟ್ಟು ಒಳಗೆ ಕೂರಬೇಕಾಗಿಲ್ಲ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಕಡೆಯಿಂದ ಪೂರ್ಣಗ್ರಹಣದ ನೆರಳು ಹಾದುಹೋದಾಗ ಹೈದರಾಬಾದಿನ ಹತ್ತಿರದ ಜಪಲ್-ರಂಗಾಪುರಕ್ಕೆ ದೇಶವಿದೇಶದ ವಿಜ್ಞಾನಿಗಳು ಬಂದಿದ್ದರು. ಆಗ ನಾನು ಚಿಕ್ಕವಳು. ನಮ್ಮ ಓಣಿಯ ಒಂದು ಬಾಗಿಲೂ ತೆರೆದಿರಲಿಲ್ಲ. ಹೊರಗೆ ಏನು ನಡೆಯುತ್ತಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಹಾಗಾದರೆ ಈ ಸಲ ಹತ್ತಿ ಮಾರಿದವರು ಏನು ಮಾಡಬೇಕು? ನಾಲ್ಕು ಸಾವಿರ ಇದ್ದರೆ ಆ ಡಬ್ಬಿ ಬೇಡ, ಬರಿಗಣ್ಣಿನ ವರ್ಷ ಕಳೆದಮೇಲೆ ಇನ್ನೊಂದೆರಡು ಸಾವಿರ ಸೇರಿಸಿ ಬೈನಾಕ್ಯುಲರ್ ತನ್ನಿ. ಮಗು ಒಂದು ವರ್ಷ ಅದನ್ನು ಬಿಡದೆ ನೋಡಿದರೆ ಓಣಿಯಲ್ಲಿ ಮಾತು ತೆಗೆಯಿರಿ, ಮನೆಗೆ ಎರಡು ಸಾವಿರದಂತೆ ಎತ್ತಿ ನೂರಮೂವತ್ತರ ಕನ್ನಡಿ ತನ್ನಿ. ಗ್ರಾಮಸಭೆಯಲ್ಲಿ ಬೀದಿದೀಪದ ಮಾತು ಬಂದಾಗ ಬೆಳಕು ನೆಲಕ್ಕೆ ಬೀಳುವಂತೆ ಮೇಲೆ ಮರೆ ಹಾಕಿಸಿ ಎಂದು ಕೇಳಿ. ಗುಡಿಯ ಕಟ್ಟೆಯ ಬಳಿಯ ಒಂದು ದೀಪಕ್ಕೆ ಸ್ವಿಚ್ಚು ಇಡಿಸಿ. ಟೆಲಿಸ್ಕೋಪು ಇಡುವುದು ಓಣಿಯಲ್ಲಿ ಆ ಕಟ್ಟೆಗೆ ಹತ್ತಿರದ ಮನೆಯಲ್ಲಿ. ಅದರ ಜವಾಬ್ದಾರಿ ಒಂಬತ್ತನೆಯ ತರಗತಿಯ ಇಬ್ಬರಿಗೆ, ಅವರಲ್ಲಿ ಒಬ್ಬಳು ಹುಡುಗಿ ಆಗಿರಲೇಬೇಕು. ವರ್ಷ ಮುಗಿದಾಗ ಅವರು ಮುಂದಿನ ಇಬ್ಬರಿಗೆ ಕಲಿಸಿ, ನೋಟ್‌ಬುಕ್ಕನ್ನೂ ಬೀಗದ ಕೈಯನ್ನೂ ಅವರ ಕೈಗೆ ಕೊಡಲಿ.